ವಾಯುಪರೀಕ್ಷಕನ ಉದ್ಯೋಗ

ಕೌಟಿಲ್ಯನ ಅರ್ಥಶಾಸ್ತ್ರವನ್ನು ತಿರುವಿ ನೋಡಿದವರಿಗೆ ಅಲ್ಲಿಯ ಅಧ್ಯಕ್ಷರ ಪಟ್ಟಿಯು ಆಶ್ಚರ್ಯವನ್ನುಂಟುಮಾಡದೆ ಇರದು. ಉಳುಮೆಗೆ ಸೀತಾಧ್ಯಕ್ಷನುಂಟು, ತೂಕ ಅಳತೆಗಳಿಗೆ ಪೌತವಾಧ್ಯಕ್ಷನುಂಟು, ಹಡಗುಗಳಿಗೆ ನಾವಧ್ಯಕ್ಷ, ಮದ್ಯಕ್ಕೆ ಸುರಾಧ್ಯಕ್ಷ, ದನಕರುಗಳಿಗೆ ಗೋಧ್ಯಕ್ಷ, ಸುಂಕಕ್ಕೆ ಶುಲ್ಕಾಧ್ಯಕ್ಷ. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ದಂಡವನ್ನೂ ಆ ಗ್ರಂಥವು ವಿಧಿಸಿದೆ. ಆದರೆ ಇಷ್ಟೊಂದು ಅಧ್ಯಕ್ಷರ ನಡುವೆ ಗಾಳಿಗೆ ಮಾತ್ರ ಒಬ್ಬ ಅಧ್ಯಕ್ಷನಿಲ್ಲ. ಇದು ಗ್ರಂಥಕಾರನ ಮರೆವೆಂದು ಯಾರೂ ಭಾವಿಸಬೇಕಾಗಿಲ್ಲ. ಅಂದಿನ ಹೊಗೆಯು ಒಲೆಯ ಹೊಗೆ, ಹೋಮದ ಹೊಗೆ, ಕಮ್ಮಾರನ ಕುಲುಮೆಯ ಹೊಗೆ. ಒಂದು ಗಾಳಿ ಬೀಸಿದರೆ ಚದುರಿ ಹೋಗುತ್ತಿದ್ದಿತು. ಅದೂ ಅಲ್ಲದೆ, ಗಾಳಿಯನ್ನು ಬೇಲಿ ಹಾಕಿ ಹಿಡಿಯಲು ಬಾರದು, ಕೊಳಗದಲ್ಲಿ ಅಳೆಯಲು ಬಾರದು, ಇದು ನಿನ್ನದು ಇದು ನನ್ನದು ಎಂದು ಪಾಲುಮಾಡಲೂ ಬಾರದು. ಅಳತೆಗೆ ಸಿಕ್ಕದ ವಸ್ತುವಿಗೆ ಅಧ್ಯಕ್ಷನನ್ನು ನೇಮಿಸುವುದಾದರೂ ಹೇಗೆ?

ಕಾಲ ಬದಲಾಯಿತು, ಹೊಗೆಯ ಜಾತಿಯೂ ಬದಲಾಯಿತು. ಇಂದು ನಮ್ಮ ದೇಶದಲ್ಲಿ ಗಾಳಿಗೂ ಪರೀಕ್ಷಕರಿದ್ದಾರೆ. ಊರಿನ ಪೋಲೀಸಿನವನನ್ನೂ, ಕಂದಾಯದವನನ್ನೂ, ವಿದ್ಯುತ್ತಿನ ಮೀಟರು ನೋಡುವವನನ್ನೂ ಬಲ್ಲ ಗೃಹಸ್ಥರು, ತಮ್ಮ ಮಕ್ಕಳ ಉಸಿರಿನ ಪರವಾಗಿ ಚಿಮಣಿ ಹತ್ತುವ ಈ ಉದ್ಯೋಗಿಯನ್ನು ಮಾತ್ರ ಬಲ್ಲವರಲ್ಲ. ಆತನ ಉದ್ಯೋಗವು ಹೇಗೆ ಹುಟ್ಟಿತು, ಅದರ ಕಷ್ಟವೇನು, ಅದರಲ್ಲಿ ನಮ್ಮ ಪಾಲೇನು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಈ ಉದ್ಯೋಗದ ಜನ್ಮಭೂಮಿ ಇಂಗ್ಲೆಂಡು. ಸಾಬೂನಿಗೂ ಗಾಜಿಗೂ ಬಟ್ಟೆಯ ಕೈಗಾರಿಕೆಗೂ ಸೋಡಾ ಬೇಕು. ಅದನ್ನು ಅಡಿಗೆಯ ಉಪ್ಪಿನಿಂದ ತಯಾರಿಸುವ ಕ್ರಮವನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲೆಬ್ಲಾಂಕನೆಂಬ ವೈದ್ಯನು ಕಂಡುಹಿಡಿದನು. ಉಪ್ಪಿಗೆ ಗಂಧಕಾಮ್ಲವನ್ನು ಬೆರಸಿ ಕಾಯಿಸುವುದು ಅದರ ಮೊದಲನೆಯ ಹಂತ. ಆಗ ಹೈಡ್ರೋಕ್ಲೋರಿಕ್ ಆಮ್ಲದ ಆವಿಯು ಏಳುತ್ತದೆ. ಮಾಲೀಕರಿಗೆ ಬೇಕಾದುದು ಸೋಡಾ, ಆವಿಯಲ್ಲ. ಆದುದರಿಂದ ಅದನ್ನು ಚಿಮಣಿಯ ದಾರಿಯಾಗಿ ಆಕಾಶಕ್ಕೆ ಬಿಟ್ಟುಬಿಟ್ಟರು. ಅದು ಆಕಾಶದಲ್ಲಿ ನಿಲ್ಲಲಿಲ್ಲ. ಲಂಕಾಶೈರಿನ ಸೇಂಟ್ ಹೆಲೆನ್ಸ್, ವಿಡ್ನೆಸ್ ಮೊದಲಾದ ಊರುಗಳ ಸುತ್ತಲೂ ಮರಗಳು ಎಲೆಯುದುರಿ ಒಣಗಿದವು, ಬೇಲಿಗಳು ಸತ್ತವು, ಪೈರು ಸುಟ್ಟಿತು, ಕಬ್ಬಿಣದ ಉಪಕರಣಗಳು ತುಕ್ಕು ಹಿಡಿದವು.

ರೈತರು ನ್ಯಾಯಾಲಯಕ್ಕೆ ಹೋಗಲಿಲ್ಲವೆ? ಹೋದರು. ಆದರೆ ಅಲ್ಲಿ ಒಂದು ತೊಡಕು ಎದುರಾಯಿತು. ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನಪ್ರಮಾಣಕ್ಕೆ ಕೊಡುವ ಪ್ರಸಿದ್ಧವಾದ ಉದಾಹರಣೆಯು ಸರ್ವವಿದಿತವಾದುದು: ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾನೆ. ಬೆಟ್ಟವೊಂದು, ಹೊಗೆಯೊಂದು, ಬೆಂಕಿಯೊಂದು ಆದಾಗ ತರ್ಕವು ಸುಲಭ. ಒಂದೇ ಊರಿನಲ್ಲಿ ಹತ್ತು ಚಿಮಣಿಗಳಿದ್ದು, ಹತ್ತರ ಆವಿಯೂ ಗಾಳಿಯಲ್ಲಿ ಬೆರೆತು ಒಬ್ಬನ ತೋಟದ ಮೇಲಿಳಿದರೆ, ಯಾವ ಚಿಮಣಿಯು ಯಾವ ಗಿಡವನ್ನು ಕೊಂದಿತೆಂದು ಹೇಳುವವರಾರು? ಪ್ರತಿಯೊಬ್ಬ ಮಾಲೀಕನೂ ಪಕ್ಕದವನ ಕಡೆಗೆ ಬೆರಳು ತೋರಿಸಿದರೆ ಸಾಕು, ಮೊಕದ್ದಮೆಯು ಅಲ್ಲಿಗೆ ಮುಗಿಯಿತು. ಗಿಡವು ಸತ್ತುದು ಪ್ರತ್ಯಕ್ಷ. ಕೊಂದವನು ಮಾತ್ರ ಅಪ್ರತ್ಯಕ್ಷ. ಹಾನಿಯಾದ ಮೇಲೆ ತೋಟದಲ್ಲಿ ಪ್ರಮಾಣವನ್ನು ಹುಡುಕುವುದರ ಬದಲು, ಆವಿಯು ಹೊರಡುವ ಚಿಮಣಿಯೊಳಗೇ ಅದನ್ನು ಅಳೆಯಬೇಕೆಂಬ ಯೋಚನೆಯು ಈ ತೊಡಕಿನಿಂದಲೇ ಹುಟ್ಟಿತು.

ಆವಿಯನ್ನು ತಡೆಯುವ ಉಪಾಯವು ಆಗಲೇ ಇದ್ದಿತು. ೧೮೩೬ರಲ್ಲಿಯೇ ಗಾಸೇಜನೆಂಬುವನು ಒಂದು ಗೋಪುರದ ಕ್ರಮವನ್ನು ಕಂಡುಹಿಡಿದಿದ್ದನು. ಆ ಗೋಪುರದೊಳಗೆ ಸುಟ್ಟ ಕಲ್ಲಿದ್ದಲಿನಂತಹ ರಂಧ್ರಮಯ ವಸ್ತುವನ್ನು ತುಂಬಿ, ಮೇಲಿನಿಂದ ನೀರನ್ನು ತೊಟ್ಟಿಕ್ಕಿಸಿ, ಕೆಳಗಿನಿಂದ ಆವಿಯನ್ನು ಏರಿಸಿದರೆ, ಆವಿಯು ನೀರಿನಲ್ಲಿ ಕರಗಿ ಕೆಳಗಿಳಿಯುವುದು. ೧೮೬೨ರಲ್ಲಿ ಡರ್ಬಿ ಪ್ರಭುವಿನ ಪ್ರಯತ್ನದಿಂದ ಪ್ರಭುಗಳ ಸಭೆಯು ಒಂದು ವಿಚಾರಣಾಸಮಿತಿಯನ್ನು ನೇಮಿಸಿತು. ಮರುವರ್ಷ, ೧೮೬೩ರಲ್ಲಿ, ಕ್ಷಾರದ ಕಾರ್ಖಾನೆಗಳ ಕಾನೂನು ಬಂದಿತು. ಹುಟ್ಟಿದ ಆವಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೆ ಕಡಿಮೆಯಿಲ್ಲದಂತೆ ಹಿಡಿದಿಡತಕ್ಕದ್ದೆಂಬುದು ಅದರ ಸಾರಾಂಶ.

ಹಾಗೆ ಹಿಡಿದಿದ್ದಾರೆಯೆ ಎಂದು ನೋಡಲು ನೇಮಕವಾದವನು ರಾಬರ್ಟ್ ಆಂಗಸ್ ಸ್ಮಿತ್. ೧೮೧೭ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಜರ್ಮನಿಯಲ್ಲಿ ಲೀಬಿಗ್ ಎಂಬ ವಿಖ್ಯಾತ ರಸಾಯನಶಾಸ್ತ್ರಜ್ಞನ ಬಳಿಯಲ್ಲಿ ವ್ಯಾಸಂಗಮಾಡಿ, ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ವಿದ್ವಾಂಸನಾತ. ೧೮೬೪ರಲ್ಲಿ ಕೆಲಸಕ್ಕೆ ತೊಡಗಿದಾಗ ಆತನಿಗಿದ್ದ ಸಹಾಯಕರು ನಾಲ್ವರು. ಅನುಸರಿಸಲು ಹಿಂದಿನವರ ದಾರಿಯಿರಲಿಲ್ಲ. ಚಿಮಣಿಯೊಳಗಿನ ಆವಿಯನ್ನು ಅಳೆಯುವ ಉಪಕರಣಗಳನ್ನು ಬಹುಮಟ್ಟಿಗೆ ಆತನೂ ಆತನ ಸಹಾಯಕರೂ ತಾವೇ ರೂಪಿಸಿಕೊಳ್ಳಬೇಕಾಯಿತು. ಸಹಾಯಕರಲ್ಲೊಬ್ಬನಾದ ಫ್ಲೆಚರನು ಚಿಮಣಿಯಲ್ಲಿ ಹರಿಯುವ ಅನಿಲದ ವೇಗವನ್ನು ಅಳೆಯುವ ಯಂತ್ರವೊಂದನ್ನು ರಚಿಸಿದನು.

ಸ್ಮಿತ್ತನ ಮುಂದೆ ಎರಡು ದಾರಿಗಳಿದ್ದವು. ಒಂದು ದಂಡದ ದಾರಿ, ಇನ್ನೊಂದು ಉಪದೇಶದ ದಾರಿ. ಆತನು ಎರಡನೆಯದನ್ನು ಹಿಡಿದನು. ಗೋಪುರವನ್ನು ಎಷ್ಟು ಎತ್ತರ ಕಟ್ಟಬೇಕು, ನೀರನ್ನು ಹೇಗೆ ಹರಿಸಬೇಕು, ಆವಿಯು ಎಲ್ಲಿ ಸೋರುತ್ತಿದೆ ಎಂದು ಮಾಲೀಕರಿಗೆ ತಿಳಿಸಿಕೊಟ್ಟನು. ನ್ಯಾಯಾಲಯಕ್ಕೆ ಆತನು ಒಯ್ದ ಮೊಕದ್ದಮೆಗಳು ಅತ್ಯಲ್ಪ. ಕಾರ್ಖಾನೆಗಳು ಬಹುಬೇಗನೆ ಕಾನೂನಿನ ಮಿತಿಯನ್ನು ಮುಟ್ಟಿ, ಅದಕ್ಕಿಂತಲೂ ಮುಂದೆ ಹೋದವು. ಹಿಡಿದಿಟ್ಟ ಆಮ್ಲದಿಂದ ಬಟ್ಟೆಯನ್ನು ಬಿಳುಪು ಮಾಡುವ ಪುಡಿಯನ್ನು ತಯಾರಿಸಲು ಬರುವುದೆಂದು ತಿಳಿದಾಗ, ನಿನ್ನೆಯ ಕಸವೇ ಇಂದಿನ ಸರಕಾಯಿತು.

ಹಾಗಾದರೆ ಎಲ್ಲವೂ ಸುಖಾಂತವಾಯಿತೆ? ಇಲ್ಲ. ನೂರಕ್ಕೆ ಐದು ಪಾಲು ಬಿಡಬಹುದೆಂಬ ನಿಯಮದಲ್ಲಿಯೇ ಒಂದು ಬಿರುಕಿದ್ದಿತು. ಒಂದು ಕಾರ್ಖಾನೆಯು ತನ್ನ ಉತ್ಪತ್ತಿಯನ್ನು ಎರಡರಷ್ಟು ಮಾಡಿಕೊಂಡರೆ, ಅದು ಬಿಡುವ ಐದು ಪಾಲಿನ ಮೊತ್ತವೂ ಎರಡರಷ್ಟಾಗುವುದು. ನಿಯಮವೇನೋ ಮುರಿಯಲಿಲ್ಲ, ಮರಗಳು ಮಾತ್ರ ಸತ್ತವು. ಆದುದರಿಂದ ೧೮೭೪ರಲ್ಲಿ ಕಾನೂನನ್ನು ತಿದ್ದಿ, ಹೊರಹೋಗುವ ಒಂದು ಘನ ಅಡಿ ಗಾಳಿಯಲ್ಲಿ ಆಮ್ಲವು ಒಂದು ಗ್ರೇನಿನ ಐದನೆಯ ಒಂದು ಪಾಲನ್ನು ಮೀರಬಾರದೆಂದು ವಿಧಿಸಿದರು. ನಾವು ವರ್ಷಗಟ್ಟಲೆ ಮಕ್ಕಳಿಗೆ ಶೇಕಡಾ ಲೆಕ್ಕವನ್ನು ಕಲಿಸಿದವರು. ಶೇಕಡಾ ಲೆಕ್ಕವು ಸರಿಯಾಗಿದ್ದೂ ಸತ್ಯವು ತಪ್ಪಿಹೋಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ಕಂಡಿಲ್ಲ.

ಇದೇ ಸ್ಮಿತ್ತನು ಊರೂರಿನ ಮಳೆಯ ನೀರನ್ನು ಪರೀಕ್ಷಿಸಿ, ೧೮೭೨ರಲ್ಲಿ ಪ್ರಕಟಿಸಿದ ಗಾಳಿ ಮಳೆಗಳನ್ನು ಕುರಿತ ಗ್ರಂಥದಲ್ಲಿ ‘ಆಮ್ಲದ ಮಳೆ’ ಎಂಬ ಮಾತನ್ನು ಬಳಸಿದನು. ೧೮೮೪ರಲ್ಲಿ ತೀರಿಕೊಳ್ಳುವವರೆಗೂ ಪರೀಕ್ಷಕನಾಗಿಯೇ ಇದ್ದನು. ಈತನು ಮಾಲೀಕರಿಗೆ ಮಿತ್ರನಾದನೇ ಹೊರತು ಜನರಿಗಲ್ಲವೆಂದು ಆಕ್ಷೇಪಿಸಿದವರುಂಟು. ಐದು ಜನರು ಇಡೀ ದೇಶದ ಕಾರ್ಖಾನೆಗಳನ್ನು ದಂಡದಿಂದ ಆಳಲು ಸಾಧ್ಯವಿರಲಿಲ್ಲವೆಂದು ಸಮರ್ಥಿಸಿದವರೂ ಉಂಟು. ಇವೆರಡು ಪಕ್ಷಗಳ ವಾದವು ಇಂದಿಗೂ ಮುಗಿದಿಲ್ಲ. ನಮಗೆ ತೋರುವ ಮಟ್ಟಿಗೆ, ಉಪದೇಶಕ್ಕೆ ಬೆಲೆ ಬರುವುದು ಅದರ ಬೆನ್ನಹಿಂದೆ ನಿಜವಾದ ಅಳತೆಯೂ, ಅಳತೆಯ ಬೆನ್ನಹಿಂದೆ ದಂಡವೂ ಇದ್ದಾಗ ಮಾತ್ರ. ಅಳತೆಯಿಲ್ಲದ ಉಪದೇಶವನ್ನು ಯಾವ ವ್ಯಾಪಾರಿಯೂ ಕೇಳುವುದಿಲ್ಲ.

ಆವಿಯ ಮಾತು ಹೀಗಾಯಿತು. ಕಲ್ಲಿದ್ದಲಿನ ಕರಿಹೊಗೆಯನ್ನು ನೋಡಿಕೊಳ್ಳುವ ಕೆಲಸವು ನಗರಸಭೆಗಳ ಪರೀಕ್ಷಕರ ಪಾಲಿಗೆ ಬಂದಿತು. ಅವರ ಮುಖ್ಯ ಉಪಕರಣವು ಕಣ್ಣು. ಪ್ಯಾರಿಸಿನ ರಿಂಗೆಲ್‌ಮನ್ ಎಂಬಾತನು ೧೮೮೮ರ ಸುಮಾರಿಗೆ ಕಣ್ಣಿಗೆ ಸಹಾಯವಾಗಿ ಒಂದು ಪಟವನ್ನು ಮಾಡಿಕೊಟ್ಟನು. ಬಿಳಿಯ ಕಾಗದದ ಮೇಲೆ ಕರಿಗೆರೆಗಳ ಜಾಲವನ್ನು ಬೇರೆಬೇರೆ ದಪ್ಪದಲ್ಲಿ ಎಳೆದು, ದೂರದಿಂದ ನೋಡಿದಾಗ ತಿಳಿಬೂದಿಯಿಂದ ಕಡುಕಪ್ಪಿನವರೆಗೆ ಬಣ್ಣಗಳು ತೋರುವಂತೆ ಮಾಡಿದ ಪಟವದು. ಹೊಗೆಯನ್ನು ಪಟದೊಂದಿಗೆ ಹೋಲಿಸಿ, ಇಷ್ಟನೆಯ ಬಣ್ಣ, ಇಷ್ಟು ನಿಮಿಷ ಎಂದು ಬರೆದುಕೊಳ್ಳುವುದು ಪರೀಕ್ಷಕನ ಕೆಲಸ. ನಮ್ಮ ದೇಶದಲ್ಲಿಯೂ ಬಂಗಾಳಕ್ಕೆ ೧೯೦೫ರಲ್ಲಿ, ಮುಂಬಯಿಗೆ ೧೯೧೨ರಲ್ಲಿ ಹೊಗೆಯ ಉಪದ್ರವದ ಕಾನೂನುಗಳು ಬಂದವು.

ಕಣ್ಣಿಗೂ ಒಂದು ಮಿತಿಯುಂಟು. ೧೯೫೨ರ ಡಿಸೆಂಬರ್ ೫ರಿಂದ ೯ರವರೆಗೆ ಲಂಡನ್ ನಗರವನ್ನು ಹೊಗೆಬೆರೆತ ಮಂಜು ಮುಚ್ಚಿಕೊಂಡಿತು. ಮೊದಲ ಲೆಕ್ಕದಂತೆ ಸತ್ತವರು ಸುಮಾರು ೪,೦೦೦. ಮುಂದಿನ ಸಂಶೋಧಕರು ಆ ಸಂಖ್ಯೆಯನ್ನು ೧೨,೦೦೦ದವರೆಗೂ ಏರಿಸಿದ್ದಾರೆ. ಇದರಲ್ಲಿ ಅಪರಾಧಿಯಾದ ಚಿಮಣಿ ಯಾವುದು? ಕಾರ್ಖಾನೆಗಳದು ಒಂದು ಪಾಲು. ಚಳಿಗೆ ಕಲ್ಲಿದ್ದಲು ಹೊತ್ತಿಸಿದ ಲಕ್ಷಾಂತರ ಮನೆಗಳದು ಇನ್ನೊಂದು ದೊಡ್ಡ ಪಾಲು. ೧೯೫೬ರಲ್ಲಿ ಬಂದ ಶುದ್ಧವಾಯು ಕಾನೂನು ಕಾರ್ಖಾನೆಯನ್ನು ದಾಟಿ ಮನೆಯ ಅಗ್ಗಿಷ್ಟಿಕೆಯವರೆಗೂ ಬಂದಿತು. ಅಗ್ಗಿಷ್ಟಿಕೆಯನ್ನು ಬದಲಾಯಿಸಿಕೊಳ್ಳಲು ಗೃಹಸ್ಥರಿಗೆ ಸಹಾಯಧನವನ್ನೂ ಏರ್ಪಡಿಸಿತು.

ಇನ್ನು ನಮ್ಮ ದೇಶದ ಮಾತು. ೧೯೭೨ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನನುಸರಿಸಿ ೧೯೮೧ರಲ್ಲಿ ವಾಯುಮಾಲಿನ್ಯವನ್ನು ತಡೆಯುವ ಕೇಂದ್ರ ಕಾನೂನು ಜಾರಿಗೆ ಬಂದಿತು. ಅದನ್ನು ನಡೆಸುವ ಭಾರವು ರಾಜ್ಯಗಳಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಗಳದು. ದೋಷವು ಮಿತಿಮೀರಿದಲ್ಲಿ ಕಾರ್ಖಾನೆಯನ್ನು ಮುಚ್ಚಿಸುವ, ಅದರ ನೀರು ವಿದ್ಯುತ್ತುಗಳನ್ನು ನಿಲ್ಲಿಸುವ ಅಧಿಕಾರವು ೧೯೮೭ರ ತಿದ್ದುಪಡಿಯಿಂದ ಮಂಡಳಿಗೆ ದೊರೆಯಿತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈ ಇಲಾಖೆಯಲ್ಲಿ ಪರಿಸರ ಅಧಿಕಾರಿಯಾಗಿದ್ದಾನೆ. ಆತನು ಬಿಡುವಿದ್ದಾಗ ಬಂದು ತನ್ನ ಕೆಲಸದ ಕ್ರಮವನ್ನು ನಮಗೆ ವಿವರಿಸಿದ್ದುಂಟು. ಅದನ್ನು ಸಂಗ್ರಹವಾಗಿ ಹೇಳುತ್ತೇವೆ.

ಚಿಮಣಿಯ ಮಧ್ಯಭಾಗದಲ್ಲಿ ಒಂದು ರಂಧ್ರವನ್ನೂ, ಅದರ ಬಳಿಯಲ್ಲಿ ನಿಲ್ಲಲು ಒಂದು ಅಟ್ಟಣೆಯನ್ನೂ, ಹತ್ತಲು ಏಣಿಯನ್ನೂ ಕಾರ್ಖಾನೆಯವರು ಇಟ್ಟಿರಬೇಕು. ಪರೀಕ್ಷಕನು ಮೊದಲು ಒಡೆಯನಿಗಾಗಲಿ ಅವನ ಪ್ರತಿನಿಧಿಗಾಗಲಿ ತಿಳುವಳಿಕೆಯ ಪತ್ರವನ್ನು ಕೊಟ್ಟು, ಆತನ ಸಮಕ್ಷಮದಲ್ಲಿಯೇ ಮಾದರಿಯನ್ನು ತೆಗೆಯತಕ್ಕದ್ದು. ತೆಗೆದುದನ್ನು ಪಾತ್ರೆಯಲ್ಲಿಟ್ಟು ಗುರುತು ಹಾಕಿ, ಮುದ್ರೆಯೊತ್ತಿ, ಇಬ್ಬರೂ ರುಜು ಮಾಡಿ ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು. ಒಡೆಯನು ಬೇಕೆಂದೇ ಮರೆಯಾದರೆ ಅಥವಾ ರುಜು ಮಾಡಲು ನಿರಾಕರಿಸಿದರೆ ಅದಕ್ಕೂ ಕಾನೂನಿನಲ್ಲಿ ಬೇರೆ ಕ್ರಮವುಂಟು. ಇಷ್ಟೊಂದು ವಿಧಿಗಳೇಕೆಂದರೆ, ನ್ಯಾಯಾಲಯದಲ್ಲಿ ಗಾಳಿಯು ತಾನೇ ಬಂದು ಸಾಕ್ಷಿ ನುಡಿಯಲಾರದು. ಮುದ್ರೆಯೊತ್ತಿದ ಆ ಪಾತ್ರೆಯೇ ಅದರ ನಾಲಿಗೆ. ಒಂದು ರುಜು ತಪ್ಪಿದರೆ ನಾಲಿಗೆಯು ಬಿದ್ದುಹೋದಂತೆಯೇ.

ಮಾದರಿಯನ್ನು ಹೀರುವುದರಲ್ಲಿಯೂ ಒಂದು ಜಾಣ್ಮೆಯುಂಟು. ಸಾರಿನ ಪಾತ್ರೆಯಲ್ಲಿ ಸೌಟನ್ನು ಮೇಲಮೇಲೆ ಆಡಿಸಿದರೆ ತಿಳಿ ಮಾತ್ರ ಬರುವುದು, ತಳ ಕದಡಿದರೆ ಬೇಳೆಯೇ ಹೆಚ್ಚಾಗಿ ಬರುವುದು; ಎರಡೂ ಆ ಸಾರಿನ ನಿಜವಾದ ರುಚಿಯಲ್ಲ. ಹಾಗೆಯೇ ಚಿಮಣಿಯಲ್ಲಿ ಅನಿಲವು ಯಾವ ವೇಗದಿಂದ ಏರುತ್ತಿದೆಯೋ ಸರಿಯಾಗಿ ಅದೇ ವೇಗದಿಂದ ಹೀರಬೇಕು. ವೇಗವು ಹೆಚ್ಚಾದರೂ ಕಡಿಮೆಯಾದರೂ ದಪ್ಪ ಧೂಳಿನ ಲೆಕ್ಕವು ತಪ್ಪುವುದು. ಹೀರಿದ ಧೂಳು ಶೋಧಕದಲ್ಲಿ ಕುಳಿತುಕೊಳ್ಳುತ್ತದೆ. ಶೋಧಕವನ್ನು ಮೊದಲೂ ಆಮೇಲೂ ತೂಗಿ ನೋಡಿದರೆ ಧೂಳಿನ ತೂಕವು ತಿಳಿಯುವುದು. ಬೇರೆ ವಿಶೇಷ ನಿಯಮವಿಲ್ಲದ ಕಡೆಗಳಲ್ಲಿ ಸಾಮಾನ್ಯವಾದ ಮಿತಿಯು ಒಂದು ಘನ ಮೀಟರಿಗೆ ೧೫೦ ಮಿಲಿಗ್ರಾಂ.

ಊರಿನ ಗಾಳಿಗೆ ಬೇರೆ ಅಳತೆಯಿದೆ. ೨೦೦೯ರ ರಾಷ್ಟ್ರೀಯ ಮಾನದಂಡದಂತೆ, ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಧೂಳು ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರಿಗೆ ೬೦ ಮೈಕ್ರೋಗ್ರಾಮನ್ನು ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಸೂಚಿಸಿದ ಮಿತಿ ೧೫ ಮಾತ್ರ. ನಮ್ಮ ತಲೆಗೂದಲಿನ ದಪ್ಪವು ಐವತ್ತರಿಂದ ಎಪ್ಪತ್ತು ಮೈಕ್ರಾನೆಂದ ಮೇಲೆ, ಈ ಧೂಳು ಕಣ್ಣಿಗೆ ಕಾಣದೆ ಶ್ವಾಸಕೋಶದ ತಳಕ್ಕೆ ಇಳಿಯುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆಕಾಶವು ನಿರ್ಮಲವಾಗಿ ಕಂಡಮಾತ್ರಕ್ಕೆ ಗಾಳಿಯು ನಿರ್ಮಲವೆನ್ನುವಂತಿಲ್ಲ.

ನಮ್ಮ ಕಾಲದಲ್ಲಿ ಶಾಲೆಗೆ ಇನ್ಸ್‌ಪೆಕ್ಟರು ಬರುವರೆಂದರೆ ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಜಾಣ ಹುಡುಗರಿಗೆ ಮುಂದಿನ ಸಾಲು. ಕಾರ್ಖಾನೆಗೂ ಅಂತಹ ದಿನಗಳುಂಟೆಂದು ಶಿಷ್ಯನು ನಗುತ್ತಾ ಹೇಳಿದನು. ಅಂದು ಒಳ್ಳೆಯ ಸೌದೆ, ಕಡಿಮೆ ಉರಿ, ಧೂಳು ಹಿಡಿಯುವ ಯಂತ್ರದ ಗರ್ಜನೆ. ಆದುದರಿಂದ ಬಲ್ಲ ಪರೀಕ್ಷಕನು ಚಿಮಣಿಯನ್ನು ಮಾತ್ರ ನೋಡುವುದಿಲ್ಲ; ಆ ಯಂತ್ರಕ್ಕೆ ಪ್ರತ್ಯೇಕವಾಗಿ ಹಾಕಿದ ವಿದ್ಯುತ್ತಿನ ಮೀಟರು ತಿಂಗಳಲ್ಲಿ ಎಷ್ಟು ಓಡಿದೆ, ಸೌದೆಯ ಲೆಕ್ಕದ ಪುಸ್ತಕವು ಏನು ಹೇಳುತ್ತದೆ, ಪಕ್ಕದ ಹಿತ್ತಲಿನ ಬಾಳೆಯೆಲೆಯ ಮೇಲೆ ಎಷ್ಟು ಮಸಿಯಿದೆ ಎಂಬುದನ್ನೆಲ್ಲ ನೋಡುತ್ತಾನೆ. ದೊಡ್ಡ ಕೈಗಾರಿಕೆಗಳ ಹದಿನೇಳು ವರ್ಗಗಳಿಗೆ ಹಗಲಿರುಳೂ ತಾನಾಗಿಯೇ ಅಳೆಯುವ ಯಂತ್ರಗಳನ್ನು ಅಳವಡಿಸಬೇಕೆಂದು ಕೇಂದ್ರ ಮಂಡಳಿಯು ೨೦೧೪ರಲ್ಲಿ ಆಜ್ಞಾಪಿಸಿತು. ಯಂತ್ರಗಳು ಬಂದರೂ ಬಾಳೆಯೆಲೆಯನ್ನು ನೋಡುವ ಕಣ್ಣು ಬೇಡವಾಗಲಿಲ್ಲ.

ಹಾಗಾದರೆ ಈ ಉದ್ಯೋಗದ ನಿಜವಾದ ಕಷ್ಟವು ಯಾವುದು? ಏಣಿಯ ಎತ್ತರವೆ? ಧನವಂತರ ಒತ್ತಾಯವೆ? ನಮ್ಮ ಪ್ರಶ್ನೆಗೆ ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಂಡಕ್ಕಿ ಭಟ್ಟಿಗಳ ಸಂಗತಿಯನ್ನು ಹೇಳಿದನು. ಒಂದು ಊರಿನಲ್ಲಿ ಮಂಡಕ್ಕಿಯ ಭಟ್ಟಿಗಳ ಕೇರಿಯೊಂದಿದೆ. ಕಾದ ಮರಳಿನಲ್ಲಿ ಅಕ್ಕಿಯನ್ನು ಹುರಿದು ಅರಳಿಸುವ ಕಸುಬು. ಒಂದೊಂದು ಭಟ್ಟಿಯೂ ಒಂದೊಂದು ಸಂಸಾರದ ಅನ್ನ. ಸೌದೆಗೂ ಹೊಟ್ಟಿಗೂ ಬೆಲೆಯೇರಿದಾಗ ಅಲ್ಲಿಯ ಕೆಲವರು ಹಳೆಯ ಟಯರಿನ ತುಂಡುಗಳನ್ನು ಒಲೆಗೆ ಹಾಕಲಾರಂಭಿಸಿದರು. ಹೊಗೆಯು ಕಾಡಿಗೆಯಂತೆ ಎದ್ದಿತು. ಆಚೆಯ ಬೀದಿಯವರು ದೂರು ಕೊಟ್ಟರು, ಪರೀಕ್ಷಕನು ಹೋದನು.

“ಮೇಷ್ಟ್ರೇ, ದೊಡ್ಡ ಕಾರ್ಖಾನೆಯಲ್ಲಿ ಹೊಗೆ ಬಿಡುವವನು ಒಬ್ಬ, ಕುಡಿಯುವವನು ಇನ್ನೊಬ್ಬ. ಅಲ್ಲಿ ನನ್ನ ಪಕ್ಷ ಯಾವುದೆಂದು ನನಗೆ ಗೊತ್ತು. ಇಲ್ಲಿ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದ ಹೆಂಗಸೇ ಟಯರು ಹಾಕಿದವಳು. ಅವಳ ಮಗು ಅಲ್ಲೇ ಚೀಲದ ಮೇಲೆ ಮಲಗಿತ್ತು. ನಾನು ಯಾರ ಮೇಲೆ ಯಾರ ಪರವಾಗಿ ನೋಟೀಸು ಬರೆಯಲಿ?” ಎಂದನು.

ನೋಟೀಸನ್ನು ಆತನು ಬರೆದನು. ಬರೆಯದೆ ಇದ್ದರೆ ಆ ಮಗುವಿಗೇ ಅನ್ಯಾಯವಾಗುತ್ತಿದ್ದಿತು. ಆದರೆ ಬರೆದು ಸುಮ್ಮನಾಗಲಿಲ್ಲ. ಭಟ್ಟಿಯವರನ್ನು ಒಂದೆಡೆ ಸೇರಿಸಿ, ಹೊಟ್ಟನ್ನು ಗಾಳಿಯೊತ್ತಿ ಉರಿಸಿದರೆ ಎಷ್ಟು ಉಳಿತಾಯವೆಂಬ ಲೆಕ್ಕವನ್ನು ಅವರ ಮುಂದೆಯೇ ಮಾಡಿ ತೋರಿಸಿದನು. ಹತ್ತಾರು ಸಂಸಾರಗಳು ಕೂಡಿ ಒಟ್ಟಿಗೆ ಹೊಟ್ಟು ಕೊಂಡರೆ ಬೆಲೆ ಇಳಿಯುವುದೆಂದು ತಿಳಿಸಿದನು. ಕೆಲವರು ಟಯರನ್ನು ಬಿಟ್ಟರು. ಕೆಲವರು ಹಗಲು ಬಿಟ್ಟು ರಾತ್ರಿ ಹಾಕಿದರು. ಆತನು ರಾತ್ರಿಯೂ ಹೋದನು. ಆ ಕೇರಿಯ ಹೊಗೆ ಪೂರ್ತಿಯಾಗಿ ನಿಂತಿದೆಯೆಂದು ಆತನು ಹೇಳಲಿಲ್ಲ. ಮೊದಲಿಗಿಂತ ಕಡಿಮೆಯಾಗಿದೆಯೆಂದಷ್ಟೇ ಹೇಳಿದನು. ದಂಡವೂ ಬೇಕು, ದಯೆಯೂ ಬೇಕು. ಇವೆರಡರಲ್ಲಿ ಯಾವುದೊಂದನ್ನು ಬಿಟ್ಟರೂ ಈ ಉದ್ಯೋಗವು ಸಾಗದೆಂಬುದು ನಮಗೆ ಅಂದು ಮನವರಿಕೆಯಾಯಿತು.

ಇದರಲ್ಲಿ ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದಾಗಿ, ದೂರು ಕೊಡುವಾಗ ‘ಹೊಗೆ ಬಹಳ’ ಎಂದು ಬರೆದರೆ ಸಾಲದು. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದ್ದಿತು, ಹೊಗೆಯ ಬಣ್ಣ ವಾಸನೆಗಳೇನು, ಮನೆಯಲ್ಲಿ ಯಾರಿಗೆ ಕೆಮ್ಮು ಬಂದಿತು ಎಂದು ಹದಿನೈದು ದಿನ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಂತಹ ಪುಸ್ತಕವನ್ನು ಕೈಯಲ್ಲಿ ಹಿಡಿದ ಪರೀಕ್ಷಕನಿಗೆ ಯಾವ ವೇಳೆಯಲ್ಲಿ ಬರಬೇಕೆಂಬುದು ಮೊದಲೇ ತಿಳಿದಿರುತ್ತದೆ.

ಎರಡನೆಯದಾಗಿ, ಅನೇಕ ಸಂಸಾರಗಳು ಒಂದೇ ಕಟ್ಟಡದಲ್ಲಿ ವಾಸಿಸುವ ಕಡೆ ವಿದ್ಯುಜ್ಜನಕವಿದ್ದರೆ ಅದರ ಹೊಗೆಕೊಳವೆಯನ್ನು ನೋಡಬೇಕು. ಯಂತ್ರದ ಕೆ.ವಿ.ಎ. ಸಂಖ್ಯೆಯ ವರ್ಗಮೂಲವನ್ನು ತೆಗೆದು ಐದರಿಂದ ಭಾಗಿಸಿದರೆ ಎಷ್ಟು ಮೀಟರು ಬರುವುದೋ, ಕಟ್ಟಡದ ನೆತ್ತಿಯಿಂದ ಅಷ್ಟು ಮೇಲಕ್ಕೆ ಕೊಳವೆಯಿರಬೇಕೆಂಬುದು ಕೇಂದ್ರ ಮಂಡಳಿಯ ಸೂತ್ರ. ನೂರು ಕೆ.ವಿ.ಎ. ಯಂತ್ರಕ್ಕೆ ವರ್ಗಮೂಲ ಹತ್ತು. ಕೊಳವೆ ಎರಡು ಮೀಟರು. ಈ ಲೆಕ್ಕವನ್ನು ಪ್ರೌಢಶಾಲೆಯ ಮಕ್ಕಳಿಂದಲೇ ಮಾಡಿಸಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಚಿಮಣಿಯ ಪರೀಕ್ಷಕನು ನಮ್ಮ ಹಿತ್ತಲಿಗೆ ಬರುವವನಲ್ಲ. ಬೆಳಗಾದರೆ ಒಣಗಿದೆಲೆಗೆ ಬೆಂಕಿಯಿಟ್ಟು, ಅದರ ಜೊತೆಗೆ ಪ್ಲಾಸ್ಟಿಕ್ ಚೀಲಗಳನ್ನೂ ಸುಡುವ ಮನೆಯವರು, ಊರ ಕಾರ್ಖಾನೆಯ ಮೇಲೆ ದೂರು ಬರೆಯುವ ಮೊದಲು ತಮ್ಮ ಬೆಂಕಿಯನ್ನು ಆರಿಸಬೇಕು. ಎಲೆಯನ್ನು ಗುಂಡಿಗೆ ಹಾಕಿದರೆ ಗೊಬ್ಬರವಾಗುವುದು, ಸುಟ್ಟರೆ ನೆರೆಮನೆಯ ಮುದುಕರಿಗೆ ದಮ್ಮಾಗುವುದು. ಇನ್ನೂ ಸೌದೆಯೊಲೆಯನ್ನೇ ಉರಿಸುವ ಮನೆಗಳಲ್ಲಿ ಅಡಿಗೆಯ ಕೋಣೆಗೆ ಹೊಗೆಗಂಡಿಯಿದೆಯೆ, ಅದು ಕಟ್ಟಿಕೊಂಡಿಲ್ಲವೆ ಎಂದು ಯಜಮಾನನು ತಾನೇ ನೋಡತಕ್ಕದ್ದು. ಒಲೆಯ ಮುಂದೆ ಕುಳಿತಿರುವವರು ಆತನ ತಾಯಿ, ಪತ್ನಿ, ಸೊಸೆಯರೇ ಅಲ್ಲವೆ?

ಒಳ್ಳೆಯ ವೈದ್ಯನನ್ನು ಬದುಕಿದ ರೋಗಿಯು ನೆನೆಯುತ್ತಾನೆ. ಒಳ್ಳೆಯ ವಾಯುಪರೀಕ್ಷಕನನ್ನು ನೆನೆಯುವವರಿಲ್ಲ. ಏಕೆಂದರೆ ಆತನು ಉಳಿಸಿದ ಮಗುವಿಗೆ ರೋಗವೇ ಬರಲಿಲ್ಲ, ತನ್ನನ್ನು ಒಬ್ಬನು ಉಳಿಸಿದನೆಂಬುದು ಅದಕ್ಕೆ ತಿಳಿಯುವುದೂ ಇಲ್ಲ. ನಿಮ್ಮ ಊರಿಗೆ ಆತನು ಬಂದಾಗ, ನೀವು ಬರೆದಿಟ್ಟ ಪುಸ್ತಕವನ್ನು ಆತನ ಕೈಗೆ ಕೊಡಿರಿ. ಬಿಸಿಲಿನಲ್ಲಿ ಏಣಿಯಿಳಿದು ಬಂದವನಿಗೆ ಒಂದು ಲೋಟ ಮಜ್ಜಿಗೆಯನ್ನೂ ಕೊಡಿರಿ.